ಬೆನ್ನಿಗೆ ಸೂಜಿ ಅಂದ್ರೆ ಯಾವ ಸೂಜಿ?

ಮೊನ್ನೆ ಸ್ಟಾಫ್ ರೂಮಲ್ಲಿ ಟೀ ಕುಡೀತಾ ಇದ್ವಿ, ಹೊಸದಾಗಿ ಟ್ರಾನ್ಸ್‌ಫರ್ ಆಗಿ ಬಂದಿರೋ ಮೇಡಂ ಒಬ್ರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ್ರು, "ನೀವು ಬೆನ್ನಿಗೆ ಸೂಜಿ ಹಾಕಿಸ್ಕೊಂಡಿದೀರಂತೆ, ಹೌದಾ?" ಆ ದನಿ ಹೆಂಗಿತ್ತು ಅಂದ್ರೆ ನಾನೇನೋ ಮನೇಲಿ ಹೇಳದೆ ಕಿಡ್ನಿ ಮಾರ್ಕೊಂಡು ಬಂದಿದೀನಿ ಅನ್ನೋ ತರ. ಒಂದು ವರ್ಷದಿಂದ ಇದೇ ಕಥೆ. ಮದುವೆ ಮನೇಲಿ, ಕಟ್ಟಿನಕೆರೆ ಮಾರ್ಕೆಟಲ್ಲಿ ಸೊಪ್ಪು ಕೊಳ್ಳೋವಾಗ, ಬಸ್ಸಲ್ಲಿ, ಎಲ್ಲೋದ್ರೂ ಇದೇ ಪ್ರಶ್ನೆ, ಅದೇ ಮುಖ. ಅದಕ್ಕೆ ಸೊಂಟದಿಂದ ಕಾಲಿಗೆ ಇಳಿಯೋ ನೋವಿಗೆ ನನಗೆ ಹಾಕಿದ ಆ ಸೂಜಿ ಕಥೆನ ಒಂದ್ಸಲ ಪೂರ್ತಿ ಬರೆದು ಹಾಕ್ಬಿಡೋಣ ಅಂತ ಕೂತಿದೀನಿ. ಉದ್ದ ಆಗುತ್ತೆ, ಟೈಮ್ ಇದ್ರೆ ಓದಿ.

ಶುರುವಾಗಿದ್ದು ಹೋದ ವರ್ಷ ಹಾಸನಾಂಬೆ ಬಾಗಿಲು ತೆಗೆದಾಗ. ಹಾಸನದಲ್ಲಿ ಮನೆ ಇದ್ದೋರಿಗೆ ಗೊತ್ತು, ವರ್ಷ ಪೂರ್ತಿ ಒಂದು ಫೋನೂ ಮಾಡದೆ ಇರೋ ನೆಂಟ್ರೆಲ್ಲ ಆ ಟೈಮಲ್ಲಿ ಬೆಂಗಳೂರಿಂದ ಮೈಸೂರಿಂದ ಬ್ಯಾಗ್ ಹಿಡ್ಕೊಂಡು ಬಂದಿಳೀತಾರೆ. ಹದಿಮೂರು ಜನ ಇದ್ರು ಮನೇಲಿ. ಅಕ್ಕಿ ಖಾಲಿ ಆಯ್ತು ಅಂತ ನಾನೇ ಸ್ಕೂಟಿಲಿ ಹೋಗಿ ಇಪ್ಪತ್ತೈದು ಕೆಜಿ ಮೂಟೆ ಮುಂದೆ ಕಾಲ ಹತ್ರ ಇಟ್ಕೊಂಡು ಬಂದೆ, ಗೇಟ್ ಹತ್ರ ನಿಲ್ಸಿ, ಬಗ್ಗಿ, ಎತ್ತಿ, ಹಂಗೇ ಪಕ್ಕಕ್ಕೆ ತಿರುಗಿದೆ ನೋಡಿ, ಸೊಂಟದಲ್ಲಿ ಏನೋ ಚಳಕ್ ಅಂತು. ಹಿಡ್ಕೊಂಡಿದೆ, ಹೋಗುತ್ತೆ ಬಿಡು ಅಂದ್ಕೊಂಡು ಅಡುಗೆಗೆ ನಿಂತೆ. ಮಾರನೇ ದಿನ ದರ್ಶನದ ಕ್ಯೂಲಿ ನಾಲ್ಕು ಗಂಟೆ. ಮೂರನೇ ದಿನ ಬೆಳಿಗ್ಗೆ ಒಗ್ಗರಣೆ ಘಾಟಿಗೆ ಒಂದು ಸೀನು ಬಂತು, ಅಷ್ಟೇ, ಸೊಂಟದಿಂದ ಹೊರಟ ಕರೆಂಟು ತೊಡೆ ಹಿಂಭಾಗ ಇಳಿದು ಮೀನಖಂಡ ದಾಟಿ ಬಲಗಾಲಿನ ಕಿರುಬೆರಳ ತನಕ ಹೋಯ್ತು. ಒಲೆ ಕಟ್ಟೆ ಹಿಡ್ಕೊಂಡು ನಿಂತಲ್ಲೇ ನಿಂತೆ, ಕೂರಕ್ಕೂ ಆಗ್ಲಿಲ್ಲ.

ಆಮೇಲಿನ ಒಂದೂವರೆ ತಿಂಗಳು ಏನೇನ್ ಮಾಡಿದ್ವಿ ಕೇಳ್ಬೇಡಿ. ಲಕ್ಕಿ ಸೊಪ್ಪಿನ ಶಾಖ ಆಯ್ತು, ಮರಳು ಹುರಿದು ಬಟ್ಟೇಲಿ ಕಟ್ಟಿ ಇಟ್ಟಿದ್ದಾಯ್ತು, ಉಳುಕು ತೆಗೆಯೋರ ಹತ್ರ ಎಣ್ಣೆ ಹಾಕಿ ಎಳೆಸಿದ್ದಾಯ್ತು (ಅದಾದ್ಮೇಲೆ ಎರಡು ದಿನ ಬಾತ್‌ರೂಮಿಗೆ ಗೋಡೆ ಹಿಡ್ಕೊಂಡೇ ಹೋಗಿದ್ದು). ನಮ್ಮ ಅತ್ತೆಯವರ ಅಣ್ಣನ ಮಗ ಒಬ್ಬ ಕಾಲು ಮುಂದಾಗಿ ಹುಟ್ಟಿದೋನು, ಅವನ ಕೈಲಿ ಸೊಂಟಕ್ಕೆ ಒದೆಸ್ಕೊಂಡ್ರೆ ಹೋಗುತ್ತೆ ಅಂತ ಅವನನ್ನೂ ಕರೆಸಿದ್ರು. ಇಂಜಿನಿಯರಿಂಗ್ ಓದಿರೋ ಹುಡುಗ ಪಾಪ, ಅತ್ತಿಗೆಗೆ ಹೆಂಗೆ ಒದೀಲಿ ಅಂತ ನಾಚ್ಕೊಂಡು ಹೆಬ್ಬೆರಳು ತಾಗಿಸಿ ಓಡೋದ. ನಗ್ಬೇಕು ಅನಿಸ್ತು, ನಕ್ಕರೆ ಕಾಲಿಗೆ ಕರೆಂಟು.

ನಮ್ಮ ಬೀದಿ ಕ್ಲಿನಿಕ್ಕಿನ ಡಾಕ್ಟ್ರು ಕುಂಡಿಗೆ ಡೈಕ್ಲೋಫೆನಾಕ್ ಅನ್ನೋ ನೋವಿನ ಇಂಜೆಕ್ಷನ್ ಕೊಟ್ರು, ಅರ್ಧ ದಿನ ಆರಾಮ. ಮೂಳೆ ಡಾಕ್ಟ್ರು ಮಾತ್ರೆ ಬರೆದ್ರು, ಎಂಆರ್‌ಐ ಮಾಡಿಸಿದ್ರು, ಎಲ್5-ಎಸ್1 ಹತ್ರ, ಅಂದ್ರೆ ಬೆನ್ನುಮೂಳೆ ಸೊಂಟದ ಬುಡಕ್ಕೆ ಸೇರೋ ಜಾಗದಲ್ಲಿ, ಮೂಳೆಗಳ ಮಧ್ಯದ ಮೆತ್ತೆ, ಡಿಸ್ಕ್, ಹೊರಗೆ ಬಂದು ಬಲಗಡೆ ನರಕ್ಕೆ ಒತ್ತುತಾ ಇದೆ ಅಂದ್ರು. ನರದ ಮಾತ್ರೆ ಪ್ರಿಗಾಬಾಲಿನ್ ಶುರುವಾಯ್ತು. ಅದು ತಗೊಂಡ್ರೆ ನೋವು ಸ್ವಲ್ಪ ಕಮ್ಮಿ, ನಿದ್ದೆ ಸಿಕ್ಕಾಪಟ್ಟೆ. ಐದನೇ ಕ್ಲಾಸಿಗೆ ಭಿನ್ನರಾಶಿ ಹೇಳ್ಕೊಡ್ತಾ ಬೋರ್ಡ್ ಮುಂದೆ ನಿಂತೇ ತೂಕಡಿಸಿದೀನಿ, ಮಕ್ಕಳು ಮನೇಲಿ ಹೋಗಿ ಹೇಳಿದಾವೆ, ಒಬ್ಬ ಹುಡುಗನ ತಾಯಿ ಬಂದು "ಮಿಸ್ಸು ಉಪವಾಸ ಮಾಡ್ತೀರಾ" ಅಂತ ಕೇಳಿದ್ರು.

ಇಲ್ಲಿ ಒಂದು ಮಾತು. ಈ ಕಾಲು ನೋವು, ಸಯಾಟಿಕಾ ಅಂತಾರಲ್ಲ, ಇದು ಬಹಳ ಜನಕ್ಕೆ ಆರರಿಂದ ಹನ್ನೆರಡು ವಾರದೊಳಗೆ ತಾನಾಗೇ ತಗ್ಗುತ್ತೆ. ಹೊರಗೆ ಬಂದ ಡಿಸ್ಕಿನ ಚೂರನ್ನ ದೇಹನೇ ಮೆಲ್ಲಗೆ ಕರಗಿಸ್ಕೊಳ್ಳುತ್ತೆ ಅಂತೆ, ನನಗೆ ಇದು ಕೇಳಿ ಆಶ್ಚರ್ಯ ಆಯ್ತು, ಜಾರಿದ್ದು ವಾಪಸ್ ಒಳಗೆ ಕೂರಿಸ್ಬೇಕು ಅಂತ್ಲೇ ನಾನು ಅಂದ್ಕೊಂಡಿದ್ದೆ. ಹಂಗಾಗಿ ನೋವು ಬಂದ ವಾರಕ್ಕೇ ಸೂಜಿ ಸೂಜಿ ಅಂತ ಓಡ್ಬೇಕಾಗಿಲ್ಲ. ನನ್ನ ಕಷ್ಟ ಏನಂದ್ರೆ ಏಳು ವಾರ ಆದ್ರೂ ರಾತ್ರಿ ಎರಡು ಗಂಟೆ ನಿದ್ದೆ ಬಂದ್ರೆ ಹೆಚ್ಚು, ಸ್ಕೂಟಿ ಬಿಟ್ಟು ಆಲೂರು ಕಡೆ ಬಸ್ಸಲ್ಲಿ ಓಡಾಡ್ತಿದ್ದೆ, ಪ್ರತಿ ರೋಡ್ ಹಂಪ್‌ಗೂ ಕಣ್ಣಲ್ಲಿ ನೀರು.

ಆಗ ನಮ್ಮ ಮೂಳೆ ಡಾಕ್ಟ್ರೇ, ಆಪರೇಶನ್ ಈಗ್ಲೇ ಬೇಡ, ನೋವಿನ ಡಾಕ್ಟ್ರು ಒಬ್ರು ತಿಂಗಳಿಗೆ ಎರಡ್ಸಲ ಬೆಂಗಳೂರಿಂದ ಬರ್ತಾರೆ, ನೋಡಿ ಅಂದ್ರು. ನೋವಿಗೇ ಬೇರೆ ಡಾಕ್ಟ್ರು ಇರ್ತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಅವರು ಮೂಲದಲ್ಲಿ ಅನಸ್ತೇಶಿಯಾ ಓದಿದೋರು. ಹೋದ ತಕ್ಷಣ ಎಂಆರ್‌ಐ ಕವರ್ ತೆಗೀಲೇ ಇಲ್ಲ, "ಕರೆಂಟು ಯಾವ ಬೆರಳಿಗೆ ಹೋಗುತ್ತಮ್ಮ, ಹೆಬ್ಬೆರಳಿಗಾ ಕಿರುಬೆರಳಿಗಾ?" ಕಿರುಬೆರಳಿಗೆ ಸಾರ್ ಅಂದೆ. ಮಲಗಿಸಿ ಮಂಡಿ ಮಡಚದೆ ಕಾಲು ಎತ್ತಿದ್ರು, ಅರ್ಧಕ್ಕೂ ಬರೋ ಮೊದ್ಲೇ ಕಿರುಚಿದೆ. ಬಲಗಾಲ ತುದಿಲಿ ನಿಲ್ಲಿ ಅಂದ್ರು, ಹಿಮ್ಮಡಿ ಮೇಲೇಳ್ತಾನೇ ಇಲ್ಲ. ಹಿಮ್ಮಡಿ ಹಿಂದೆ ಗಟ್ಟಿ ಹುರಿ ತರ ಇರುತ್ತಲ್ಲ, ಅದಕ್ಕೆ ಸುತ್ತಿಗೇಲಿ ತಟ್ಟಿದ್ರು, ಎಡಗಾಲು ಹಾರ್ತು, ಬಲಗಾಲು ಸುಮ್ಮನಿತ್ತು. "ಎಸ್1 ನರ" ಅಂದ್ರು, ಆಮೇಲೆ ಫಿಲ್ಮ್ ತೆಗೆದು ನೋಡಿದ್ರು, ಅದೇ. ಒಂದು ಮೇಲಿನ ನರ ಆಗಿದ್ರೆ, ಎಲ್5, ನೋವು ಪಾದದ ಮೇಲಿಂದ ಹೆಬ್ಬೆರಳ ಕಡೆ ಹೋಗೋದಂತೆ. ನಮ್ಮೂರಲ್ಲಿ ಯಾವ ಮನೆಗೆ ಯಾವ ಕಂಬದಿಂದ ಲೈನು ಅಂತ ಲೈನ್‌ಮನ್ ಕಂಬ ನೋಡ್ದೇನೇ ಹೇಳ್ತಾನಲ್ಲ, ಹಂಗೆ.

ಆಮೇಲೆ ನಮ್ಮನೆಯವರ ಮುಂದೇನೇ ಮುಜುಗರದ ಪ್ರಶ್ನೆ ಎಲ್ಲ ಕೇಳಿದ್ರು. ಮೂತ್ರ ಬರೋದು ಗೊತ್ತಾಗುತ್ತಾ, ತಡೆದಿದೆಯಾ, ಇಲ್ಲ ತಾನಾಗೇ ಹೋಗುತ್ತಾ, ಸೈಕಲ್ ಸೀಟು ತಾಗೋ ಜಾಗ ಮರಗಟ್ಟಿದೆಯಾ, ನಡೀವಾಗ ಪಾದ ಜೋತುಬಿದ್ದು ಚಪ್ಪಲಿ ಕಳಚುತ್ತಾ. ಇದ್ರಲ್ಲಿ ಯಾವ್ದಾದ್ರೂ ಇದ್ರೆ ಸೂಜಿ ಮಾತೇ ಇಲ್ಲ, ಅವತ್ತೇ ದೊಡ್ಡಾಸ್ಪತ್ರೆಗೆ ಓಡ್ಬೇಕು, ಮೂತ್ರದ್ದು ಆದ್ರೆ ಗಂಟೆ ಲೆಕ್ಕ ಅಂದ್ರು. ನನಗೆ ಯಾವ್ದೂ ಇರ್ಲಿಲ್ಲ. ನೀವು ಬೇರೆ ಏನೂ ಓದದೆ ಹೋದ್ರೂ ಈ ನಾಲ್ಕು ಸಾಲು ಮಾತ್ರ ಮನೇಲಿ ಸೊಂಟ ನೋವಿರೋರಿಗೆ ಓದಿ ಹೇಳಿ.

ಎಪಿಡ್ಯೂರಲ್ ಸ್ಟೀರಾಯ್ಡ್ ಇಂಜೆಕ್ಷನ್, ಅಂದ್ರೆ ಊತ ಇಳಿಸೋ ಔಷಧಿನ ಬೆನ್ನಲ್ಲಿ ನರದ ಹತ್ರ ಬಿಡೋ ಸೂಜಿ, ಕೊಡ್ತೀನಿ, ಬೆಳಿಗ್ಗೆ ಬಂದು ಸಂಜೆ ಹೋಗ್ಬಹುದು ಅಂದ್ರು. ಮನೆಗೆ ಬಂದು ಹೇಳಿದ್ದೇ ತಡ ಅತ್ತೆ ಶುರು ಮಾಡಿದ್ರು.

"ಬ್ಯಾಡ ಕಣಮ್ಮ. ಬೆನ್ನಿಗೆ ಸೂಜಿ ಹಾಕಿಸ್ಕಂಡೋರು ಯಾರು ನೆಟ್ಟಗವ್ರೆ ಹೇಳು. ನಿಮ್ಮಕ್ಕ ಸಿಸೇರಿಯನ್‌ಗೆ ಹಾಕಿಸ್ಕಂಡು ಇವತ್ತಿಗೂ ಸೊಂಟ ಸೊಂಟ ಅಂತಾಳೆ."

"ಅತ್ತೆ, ಅದೇ ಬೇರೆ ಸೂಜಿ."

"ಬೆನ್ನು ಒಂದೇ ತಾನೆ?"

ಈ ಪ್ರಶ್ನೆಗೆ ಅವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗ ಇದೆ. ನಮ್ಮ ಕಡೆ ಬೆನ್ನಿಗೆ ಸೂಜಿ ಅನ್ನೋ ಒಂದೇ ಮಾತಲ್ಲಿ ಮೂರು ನಾಲ್ಕು ಬೇರೆ ಬೇರೆ ಕೆಲಸ ಸೇರ್ಕೊಂಡ್ಬಿಟ್ಟಿದೆ, ಒಂದರ ಭಯ ಇನ್ನೊಂದಕ್ಕೆ ಅಂಟ್ಕೊಂಡಿದೆ. ಸಿಸೇರಿಯನ್‌ಗೆ ಕೊಡೋದು ಸ್ಪೈನಲ್, ಅದು ಬೆನ್ನುಹುರಿ ಸುತ್ತ ಇರೋ ನೀರಿನ ಚೀಲದೊಳಗೇ ಹೋಗುತ್ತೆ, ಮರಗಟ್ಟಿಸೋ ಔಷಧಿ, ಒಂದೆರಡು ಗಂಟೆ ಕೆಲಸ ಮುಗಿಸಿ ಹೊರಟೋಗುತ್ತೆ. ಜ್ವರ ಮೆದುಳಿಗೆ ಏರಿದೆಯಾ ಅಂತ ನೋಡೋಕೆ ಬೆನ್ನಿಂದ ನೀರು ತೆಗೀತಾರಲ್ಲ, ಅದು ಏನನ್ನೂ ಹಾಕೋದಲ್ಲ, ತೆಗೆಯೋದು. ಕ್ಲಿನಿಕ್ಕಲ್ಲಿ ಕುಂಡಿಗೆ ಹಾಕೋದು ಬರೀ ಮಾಂಸಕ್ಕೆ. ನನಗೆ ಹಾಕಿದ್ದು ಆ ನೀರಿನ ಚೀಲದ ಹೊರಗಿನ ಜಾಗಕ್ಕೆ, ನರ ಬೆನ್ನುಮೂಳೆ ಬಿಟ್ಟು ಹೊರಗೆ ಬರೋ ಕಿಂಡಿ ಹತ್ರ. ಸಿಸೇರಿಯನ್ ಆದೋರ ಸೊಂಟ ನೋವಿನ ವಿಷಯಾನೂ ಕೇಳ್ದೆ. ಸೂಜಿ ಇಲ್ದೆ ನಾರ್ಮಲ್ ಹೆರಿಗೆ ಆದೋರಿಗೂ ಸೊಂಟ ನೋವು ಅಷ್ಟೇ ಕಾಮನ್ ಅಂತೆ, ಒಂಬತ್ತು ತಿಂಗಳು ಹೊತ್ತಿದ್ದು, ಆಮೇಲೆ ಬಗ್ಗಿ ಕೂತು ಹಾಲು ಕುಡಿಸಿದ್ದು, ಮಗು ಎತ್ಕೊಂಡು ಓಡಾಡಿದ್ದು, ಇದನ್ನೆಲ್ಲ ಬಿಟ್ಟು ಎರಡು ನಿಮಿಷದ ಸೂಜಿ ಮೇಲೆ ಗೂಬೆ ಕೂರಿಸ್ತೀವಿ. ಸ್ಪೈನಲ್ ಕೊಟ್ಮೇಲೆ ಕೆಲವ್ರಿಗೆ ಬರೋದು ತಲೆನೋವು. ಅದರ ಕಥೆ ಮಜಾ ಇದೆ, 1898ರಲ್ಲಿ ಜರ್ಮನಿಯಲ್ಲಿ ಆಗಸ್ಟ್ ಬಿಯರ್ ಅನ್ನೋ ಸರ್ಜನ್ನು ಈ ಸ್ಪೈನಲ್‌ನ ತನ್ನ ಮೇಲೂ ಅಸಿಸ್ಟೆಂಟ್ ಮೇಲೂ ಟ್ರೈ ಮಾಡಿ, ಅಸಿಸ್ಟೆಂಟ್ ಮೊಣಕಾಲ ಕೆಳಗೆ ಸುತ್ತಿಗೇಲಿ ಹೊಡೆದು ಪರೀಕ್ಷೆ ಮಾಡಿದ್ನಂತೆ, ಆಮೇಲೆ ಬಿಯರ್‌ಗೆ ದಿನಗಟ್ಟಲೆ ತಲೆನೋವು. ಆವಾಗ ಹಾಕ್ತಿದ್ದ ಔಷಧಿ ಕೊಕೇನ್.

ನನಗೆ ಹಾಕಿದ್ದಕ್ಕೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. 1901ರಲ್ಲಿ ಪ್ಯಾರಿಸ್‌ನಲ್ಲಿ ಸಿಕಾರ್ ಮತ್ತೆ ಕ್ಯಾಥ್ಲೆನ್ ಅನ್ನೋ ಇಬ್ರು ಬೆನ್ನಿನ ಬುಡದ ಮೂಳೆ ತೂತಿನಿಂದ ಔಷಧಿ ಕೊಟ್ರು, ಆವಾಗ್ಲೂ ಕೊಕೇನೇ. ಡಿಸ್ಕು ನರಕ್ಕೆ ಒತ್ತೋದೇ ಕಾಲು ನೋವಿಗೆ ಕಾರಣ ಅಂತ ಅಮೆರಿಕದ ಮಿಕ್ಸ್ಟರ್ ಮತ್ತೆ ಬಾರ್ ಬರೆದಿದ್ದು 1934ರಲ್ಲಿ. ಸ್ಟೀರಾಯ್ಡ್ ಹಾಕೋಕೆ ಶುರು ಮಾಡಿದ್ದು 1950ರ ದಶಕದಲ್ಲಿ, ಕಾರ್ಟಿಸೋನ್‌ಗೆ ನೊಬೆಲ್ ಬಂದ್ಮೇಲೆ. ಯಾಕೆ ಸ್ಟೀರಾಯ್ಡ್ ಅಂದ್ರೆ ಬರೀ ಒತ್ತೋದ್ರಿಂದ ಇಷ್ಟು ನೋವಾಗಲ್ಲ, ಡಿಸ್ಕ್ ಒಳಗಿನ ಲೋಳೆ ಹೊರಗೆ ಬಂದು ನರಕ್ಕೆ ತಾಗಿ ಉರಿಯೂತ ಆಗುತ್ತೆ, ಊದ್ಕೊಂಡ ನರ ಆ ಸಣ್ಣ ಕಿಂಡಿಲಿ ಸಿಕ್ಕಾಕ್ಕೊಂಡು ಒದ್ದಾಡುತ್ತೆ. ಸ್ಟೀರಾಯ್ಡ್ ಆ ಊತ ಇಳಿಸುತ್ತೆ. ಡಿಸ್ಕನ್ನ ಅದು ಮುಟ್ಟೋದೂ ಇಲ್ಲ. ಜಿಮ್ ಹುಡುಗ್ರು ತಗೊಳ್ಳೋ ಸ್ಟೀರಾಯ್ಡೇ ಬೇರೆ, ನಮ್ಮನೆಯವರು ಅದೇ ಅಂದ್ಕೊಂಡು "ಮೀಸೆ ಬರುತ್ತಾ" ಅಂತ ತಮಾಷೆ ಮಾಡಿದ್ರು, ಅವತ್ತು ನಗೋ ಮೂಡಲ್ಲಿ ನಾನಿರ್ಲಿಲ್ಲ.

ಸೂಜಿ ದಿನ. ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ರು. ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ, ಶುಗರ್ ಇದೆಯಾ, ಯಾವ್ದಾದ್ರೂ ಔಷಧಿ ಒಗ್ಗಲ್ವಾ, ಬಸುರಿಯಾ, ಜ್ವರ ಇದೆಯಾ ಅಂತ ಮೂರು ಜನ ಮೂರು ಸಲ ಕೇಳಿದ್ರು. ಓಟಿ ಒಳಗೆ ಬೋರಲು ಮಲಗಿಸಿ ಹೊಟ್ಟೆ ಕೆಳಗೆ ದಿಂಬು ಇಟ್ರು. ಬೆನ್ನಿಗೆ ಬೆಟಾಡಿನ್ ಬಳಿದ್ರು, ಡಿಸೆಂಬರ್ ಚಳಿ, ಎಸಿ ಬೇರೆ, ಹಲ್ಲು ಕಟಕಟ. ಪಕ್ಕದಲ್ಲಿ ಇಂಗ್ಲಿಷ್ ಸಿ ಅಕ್ಷರದ ತರ ದೊಡ್ಡ ಎಕ್ಸ್‌ರೇ ಮಿಶಿನ್ನು, ಸಿ-ಆರ್ಮ್ ಅಂತಾರೆ. ಮೊದಲು ಚರ್ಮ ಮರಗಟ್ಟೋಕೆ ಸಣ್ಣ ಸೂಜಿ, ಕಟ್ಟಿರುವೆ ಕಚ್ಚಿದ ಹಂಗೆ ಉರೀತು, ನಿಜ ಹೇಳ್ಬೇಕಂದ್ರೆ ಇಡೀ ಕೆಲಸದಲ್ಲಿ ನೋವಾಗಿದ್ದು ಅದೊಂದೇ. ಆಮೇಲೆ ಉದ್ದದ್ದು. ಅದು ಚುಚ್ಚಿದ ಹಂಗಲ್ಲ, ಯಾರೋ ಒಳಗಡೆಯಿಂದ ಒತ್ತುತಾ ಇರೋ ತರ. ಸ್ವಲ್ಪ ಮುಂದಕ್ಕೆ ಹಾಕೋದು, ಎಕ್ಸ್‌ರೇ ನೋಡೋದು, ಮತ್ತೆ ಸ್ವಲ್ಪ. ಆಮೇಲೆ ಡೈ, ಎಕ್ಸ್‌ರೇಲಿ ಕಾಣೋ ದ್ರವ, ಹಾಕಿದ್ರು. ತಲೆ ಪಕ್ಕಕ್ಕೆ ತಿರುಗಿಸಿದ್ರೆ ಸ್ಕ್ರೀನ್ ಕಾಣ್ತಿತ್ತು, ಕಪ್ಪಗೆ ಒಂದು ಗೆರೆ ಮೂಳೆ ತೂತಿಂದ ಕೆಳಗೆ ಇಳೀತು, ಗದ್ದೆಗೆ ನೀರು ಬಿಟ್ಟಾಗ ಒಣಗಿದ ಕಾಲುವೇಲಿ ಮುಂದೆ ಮುಂದೆ ಹೋಗುತ್ತಲ್ಲ ಥೇಟ್ ಹಂಗೆ. ಅದೇ ನನ್ನ ನರದ ದಾರಿ. ಡೈ ರಕ್ತನಾಳಕ್ಕೆ ಹೋಗ್ತಿಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಇದು. ಔಷಧಿ ಬಿಡೋವಾಗ ತೊಡೆಯಿಂದ ಕಿರುಬೆರಳ ತನಕ ಅದೇ ಹಳೇ ನೋವು ಒಂದ್ಸಲ ಜೋರಾಗಿ ಬಂತು, ಡಾಕ್ಟ್ರು "ಇದೇನಾ ನಿಮ್ಮ ನೋವು?" ಅಂದ್ರು, ಹೂಂ ಇದೇ ಸಾರ್ ಇದೇ ಅಂತ ಕೂಗಿದೆ, "ಹಂಗಾದ್ರೆ ಸರಿಯಾದ ಮನೆ ಬಾಗಿಲಿಗೇ ಬಂದಿದೀವಿ" ಅಂದ್ರು. ಇಪ್ಪತ್ತು ನಿಮಿಷವೂ ಆಗ್ಲಿಲ್ಲ.

ಮುಖ್ಯವಾದ್ದು ಇನ್ನು ಮುಂದೆ. ಎದ್ದು ಕೂತಾಗ ನೋವೇ ಇಲ್ಲ! ಕಾಲು ಸ್ವಲ್ಪ ಭಾರ, ಜೋಮು, ನೋವು ಮಾತ್ರ ಸೊನ್ನೆ. ಕಾರಲ್ಲಿ ಬರ್ತಾ ಅಕ್ಕನಿಗೆ ಫೋನ್ ಮಾಡಿ ಪವಾಡ ಅಂದೆ. ರಾತ್ರಿ ಹತ್ತಕ್ಕೆ ಕರೆಂಟು ವಾಪಸ್ಸು, ಮೊದಲಿಗಿಂತ ಒಂದು ಕೈ ಜಾಸ್ತಿ. ಅತ್ತೆ ಬಾಗಿಲಲ್ಲಿ ನಿಂತು ಏನೂ ಹೇಳ್ಲಿಲ್ಲ, ಹೇಳಿದ್ರೆ ಪರವಾಗಿರ್ಲಿಲ್ಲ. ನಾನು ದಿಂಬಿಗೆ ಮುಖ ಒತ್ಕೊಂಡು ಅತ್ಬಿಟ್ಟೆ. ಡಾಕ್ಟ್ರು ಇದನ್ನ ಮೊದ್ಲೇ ಹೇಳಿದ್ರು, ನಾನೇ ತಲೆಗೆ ಹಾಕ್ಕೊಂಡಿರ್ಲಿಲ್ಲ. ಸೂಜೀಲಿ ಎರಡು ಔಷಧಿ ಇರುತ್ತೆ. ಮರಗಟ್ಟಿಸೋದು ತಕ್ಷಣ ಕೆಲಸ ಮಾಡಿ ಕೆಲವೇ ಗಂಟೇಲಿ ಇಳೀತದೆ, ಸ್ಟೀರಾಯ್ಡ್ ನಿಧಾನ, ಎರಡು ದಿನದಿಂದ ಒಂದು ವಾರ ಬೇಕು. ನಡುವೆ ಖಾಲಿ. ಆ ಖಾಲಿ ದಿನಗಳಲ್ಲೇ ಜನ ಸೂಜಿ ಫೇಲ್ ಅಂತ ತೀರ್ಮಾನ ಮಾಡೋದು, ಇನ್ನೊಬ್ಬರಿಗೆ ಹೇಳೋದು, ಅವರು ಮತ್ತೊಬ್ಬರಿಗೆ. ನನಗೆ ನಾಲ್ಕನೇ ದಿನ ಬೆಳಿಗ್ಗೆ ಸೀನು ಬಂತು. ಒಲೆ ಕಟ್ಟೆ ಹಿಡ್ಕೊಂಡು ಕಾದೆ. ಏನೂ ಆಗ್ಲಿಲ್ಲ. ಇನ್ನೊಂದ್ಸಲ ಬೇಕಂತ್ಲೇ ಕೆಮ್ಮಿ ನೋಡಿದೆ.

ಆಮೇಲಿನ ಎರಡು ತಿಂಗಳು ನಾನು ಫಿಸಿಯೋಥೆರಪಿ ಮಾಡ್ದೆ, ಮಹಾರಾಜ ಪಾರ್ಕಲ್ಲಿ ದಿನಾ ವಾಕಿಂಗ್. ಸೂಜಿ ಹಾಕ್ದೆ ಇದ್ದಿದ್ರೂ ಹನ್ನೆರಡು ವಾರಕ್ಕೆ ಹೋಗ್ತಿತ್ತೇನೋ, ನನಗೆ ಗೊತ್ತಿಲ್ಲ, ಡಾಕ್ಟ್ರೂ ಹಂಗೇ ಅಂದ್ರು, ಅವರ ಮೇಲೆ ಗೌರವ ಬಂದಿದ್ದು ಅಲ್ಲಿ. ಸಂಶೋಧನೆಗಳನ್ನೆಲ್ಲ ಒಟ್ಟಿಗಿಟ್ಟು ತೂಗೋ ಕಾಕ್ರೇನ್ ಅನ್ನೋ ಸಂಸ್ಥೆ 2020ರಲ್ಲಿ ಈ ಸೂಜಿ ಬಗ್ಗೆ ವರದಿ ಹಾಕಿದೆ, ಕಾಲು ನೋವು ಸ್ವಲ್ಪ ದಿನದ ಮಟ್ಟಿಗೆ ಸ್ವಲ್ಪವೇ ಕಮ್ಮಿ ಆಗುತ್ತೆ ಅಂತ. ಸ್ವಲ್ಪವೇ! ಸರಾಸರಿ ಲೆಕ್ಕ ಅದು. ನನ್ನ ಲೆಕ್ಕದಲ್ಲಿ ರಾತ್ರಿ ಎರಡು ಗಂಟೆ ನಿದ್ದೆ ಆರು ಗಂಟೆ ಆಯ್ತು, ನಿದ್ದೆ ಬಂದಿದ್ದಕ್ಕೆ ವ್ಯಾಯಾಮ ಮಾಡೋಕಾಯ್ತು. ಅಪಾಯವೂ ಇದೆ, ಮುಚ್ಚಿಡಲ್ಲ. 2014ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ, ಬೆನ್ನಿನ ಈ ಜಾಗಕ್ಕೆ ಸ್ಟೀರಾಯ್ಡ್ ಹಾಕಿದಾಗ ಅಪರೂಪಕ್ಕೆ ಪಾರ್ಶ್ವವಾಯು, ದೃಷ್ಟಿ ಹೋಗೋದು, ಇಂಥ ದೊಡ್ಡ ಅನಾಹುತ ಆಗ್ಬಹುದು ಅಂತ. ಅದಕ್ಕೇ ಆ ಡೈ, ಆ ಸಿ-ಆರ್ಮ್. ಮಿಶಿನ್ ಇಲ್ದೆ ಅಂದಾಜಲ್ಲಿ ಹಾಕ್ತೀನಿ ಅನ್ನೋರ ಹತ್ರ ನಾನಂತೂ ಬೆನ್ನು ಕೊಡಲ್ಲ.

ಈಗ ಅತ್ತೆ ಮಂಡಿ ವಿಷಯ, ಇದು ಹೇಳ್ದೆ ಕಥೆ ಪೂರ್ತಿ ಆಗಲ್ಲ. ನನ್ನ ಬೆನ್ನಿನ ಸೂಜಿಗೆ ಅಷ್ಟು ಗಲಾಟೆ ಮಾಡಿದ ಅತ್ತೆ ಅದೇ ಆರು ತಿಂಗಳಲ್ಲಿ ಬಲ ಮಂಡಿಗೆ ನಾಲ್ಕು ಸೂಜಿ ಹಾಕಿಸ್ಕೊಂಡಿದ್ರು, ಊರ ಕಡೆ ಒಂದು ಕ್ಲಿನಿಕ್ಕಲ್ಲಿ, ನಮಗೆ ಹೇಳ್ದೆ! ಮಂಡಿ ಬೆನ್ನಲ್ಲವಲ್ಲ. ಹಾಕಿಸ್ಕೊಂಡ ವಾರ ಹುಡುಗಿ ತರ ಓಡಾಡೋರು, ತಿಂಗಳಿಗೆ ಮತ್ತೆ ನೋವು, ಮತ್ತೆ ಹೋಗೋರು. ಚೀಟಿ ಇಲ್ಲ, ಏನ್ ಹಾಕಿದ್ರು ಅಂತ ಬರೆದಿದ್ದೂ ಇಲ್ಲ. "ಹಾಲಿನಂಗೆ ಬೆಳ್ಳಗಿತ್ತು ಕಣಮ್ಮ, ಶಕ್ತಿ ಇಂಜೆಕ್ಷನ್ನಂತೆ" ಅಂದ್ರು. ಒಂದಿನ ತಲೆ ಸುತ್ತಿ ಕೂತಾಗ ಶುಗರ್ ನೋಡಿದ್ರೆ 380. ನನ್ನ ಡಾಕ್ಟ್ರ ಹತ್ರಾನೇ ಕರ್ಕೊಂಡ್ಹೋದೆ. ಹಾಲಿನಂಗೆ ಅಂದ ತಕ್ಷಣ ಟ್ರಯಾಮ್ಸಿನೊಲೋನ್ ಇರ್ಬೇಕು ಅಂದ್ರು, ಅದೂ ಸ್ಟೀರಾಯ್ಡೇ, ಅಲ್ಲಾಡಿಸದೆ ಇಟ್ರೆ ಬಿಳೀ ಪುಡಿ ತಳ ಕೂರುತ್ತೆ. ನನಗೆ ಹಾಕಿದ್ದು ಡೆಕ್ಸಾಮೆಥಾಸೋನ್, ತಿಳಿ ನೀರಿನ ತರ, ಕಣ ಇಲ್ಲ, ತಪ್ಪಿ ರಕ್ತನಾಳಕ್ಕೆ ಹೋದ್ರೂ ಅಡ್ಡ ಕೂರಲ್ಲ ಅಂತ ನರದ ಹತ್ರ ಅದನ್ನ ಆರಿಸ್ತಾರೆ. ಯಾವ ಸ್ಟೀರಾಯ್ಡ್ ಆದ್ರೂ ಶುಗರ್ ಇರೋರಿಗೆ ಕೆಲವು ದಿನ ಸಕ್ಕರೆ ಏರೇ ಏರುತ್ತೆ, ಮೊದ್ಲೇ ಹೇಳಿ, ದಿನಾ ಚೆಕ್ ಮಾಡಿಸಿ ಹಾಕ್ಬೇಕು. ಅಮೆರಿಕದಲ್ಲಿ 140 ಜನ ಮಂಡಿ ಸವೆದೋರಿಗೆ ಎರಡು ವರ್ಷ, ಮೂರು ತಿಂಗಳಿಗೊಂದು ಇದೇ ಬಿಳೀ ಔಷಧಿ ಹಾಕಿ ನೋಡಿದ್ರಂತೆ, ಅರ್ಧ ಜನಕ್ಕೆ ಬರೀ ಉಪ್ಪು ನೀರು, 2017ರಲ್ಲಿ ಬಂತು ರಿಸಲ್ಟು. ಎರಡು ವರ್ಷ ಆದ್ಮೇಲೆ ನೋವಲ್ಲಿ ಇಬ್ರಿಗೂ ವ್ಯತ್ಯಾಸ ಇಲ್ಲ, ಔಷಧಿ ಹಾಕಿದ ಮಂಡೀಲಿ ಮೆದುಮೂಳೆ ಹೆಚ್ಚು ಸವೆದಿತ್ತು. ಅತ್ತೆಗೆ ಆರು ತಿಂಗಳಲ್ಲೇ ನಾಲ್ಕು! ಯಾವಾಗಾದ್ರೂ ಒಂದು ಹಾಕೋದು ತಪ್ಪಲ್ಲ, ತಿಂಗಳ ಸಂಬಳದ ತರ ಹಾಕೋದು ತಪ್ಪು ಅಂದ್ರು ಡಾಕ್ಟ್ರು. ತೀರಾ ಆಗದೇ ಇದ್ರೆ ಮಂಡಿಗೆ ಬರೋ ಸಣ್ಣ ನರಗಳಿಗೆ ಮೊದಲು ಮರಗಟ್ಟೋ ಔಷಧಿ ಕೊಟ್ಟು ನೋಡಿ, ಆರಾಮ ಆದ್ರೆ ಆ ನರದ ತುದಿಯನ್ನ ಬಿಸಿ ಮಾಡಿ ಸುಮ್ಮನಾಗಿಸೋ ಚಿಕಿತ್ಸೆ ಇದೆ ಅಂದ್ರು. ಅತ್ತೆ "ನರ ಸುಡ್ತಾರಂತೆ, ಶಿವನೇ" ಅಂತ ಎದ್ದು ಹೊರಗೆ ಬಂದ್ರು. ಸದ್ಯಕ್ಕೆ ತೊಡೆ ವ್ಯಾಯಾಮ, ಕೋಲು, ಇಂಡಿಯನ್ ಟಾಯ್ಲೆಟ್ ಮೇಲೆ ಕುರ್ಚಿ. ಕೋಲು ನೆಂಟ್ರು ಬಂದಾಗ ಮಾತ್ರ ಬಾಗಿಲ ಹಿಂದೆ ಹೋಗುತ್ತೆ.

ನನಗೆ ಐದು ತಿಂಗಳ ಮೇಲೆ ಒಂದ್ಸಲ ನೋವು ಇಣುಕಿತ್ತು, ಎರಡು ವಾರ ಇದ್ದು ಹೋಯ್ತು, ಮತ್ತೆ ಸೂಜಿ ಹಾಕಿಸ್ಕೊಂಡಿಲ್ಲ. ಹಿಮ್ಮಡಿ ಎತ್ತಿ ನಿಲ್ತೀನಿ. ಅಕ್ಕಿ ಮೂಟೆ ಅಂಗಡಿ ಹುಡುಗ ತಂದಿಡ್ತಾನೆ. ಬಲಗಾಲ ಕಿರುಬೆರಳು ಇವತ್ತಿಗೂ ಅರ್ಧ ಜೋಮು, ಮಂಚದ ಕಾಲಿಗೆ ಗುದ್ದಿಸ್ಕೊಂಡ್ರೆ ಆಮೇಲೆ ರಕ್ತ ನೋಡಿ ಗೊತ್ತಾಗೋದು.

ಹೋದ ವಾರ ಅತ್ತೆ ಹಿತ್ತಲಲ್ಲಿ ತುಕ್ಕು ಮೊಳೆ ತುಳಿದ್ರು. ಟಿಟಿ ಹಾಕಿಸೋಕೆ ಕರ್ಕೊಂಡ್ಹೋದೆ. ನರ್ಸ್ ಸಿರಿಂಜ್ ಎತ್ತಿದ್ರು, ಅತ್ತೆ ತೋಳು ಮುಚ್ಕೊಂಡ್ರು, "ತಡೀ ಕಣವ್ವ, ಅದ್ರಲ್ಲಿ ಏನೈತೆ ಮೊದ್ಲು ಹೇಳು. ಹೆಸರು ಚೀಟೀಲಿ ಬರಿ, ನಮ್ಮ ಸೊಸೆ ಓದ್ತಾಳೆ." ಹಿಂದೆ ಹತ್ತು ಜನ ಕ್ಯೂಲಿ ನಿಂತಿದ್ರು, ನರ್ಸು ನನ್ನ ಮುಖ ನೋಡಿದ್ರು, ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಾ ನಿಂತೆ.